ಔಷಧದ ಮೂಲ, ಆರೈಕೆಯ ಕೈ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಉಳಿದ ಮೂರಕ್ಕಿಲ್ಲದ ಒಂದು ತೊಡಕು ಬಂದೊದಗಿದೆ. ಆಹಾರವನ್ನು ನೀಡುವ ಶ್ರಾವಕನಿಗೆ ಅದು ಯಾವ ಧಾನ್ಯದಿಂದ, ಎಂತಹ ನೀರಿನಿಂದ, ಯಾವ ಹೊತ್ತಿನಲ್ಲಿ ಸಿದ್ಧವಾಯಿತೆಂಬುದು ತಿಳಿದಿರುತ್ತದೆ. ಶಾಸ್ತ್ರವನ್ನು ನೀಡುವವನು ಗ್ರಂಥವನ್ನು ತೆರೆದು ನೋಡಿಯೇ ನೀಡುತ್ತಾನೆ. ಅಭಯವನ್ನು ನೀಡುವವನಿಗೆ ತನ್ನ ಅಂತರಂಗವೇ ಸಾಕ್ಷಿ. ಆದರೆ ಔಷಧದ ಅಂಗಡಿಯಿಂದ ತಂದ ಮಾತ್ರೆಯಾಗಲಿ, ಚುಚ್ಚುಮದ್ದಾಗಲಿ ತನ್ನ ಹುಟ್ಟನ್ನು ತಾನಾಗಿ ಹೇಳುವುದಿಲ್ಲ. ಅದು ಯಾವ ಬೇರಿನಿಂದ, ಯಾವ ಖನಿಜದಿಂದ, ಯಾವ ಪ್ರಾಣಿಯ ಅಂಗದಿಂದ ಬಂದಿತೆಂಬುದು ಕೊಡುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಆದಕಾರಣ ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಒಂದು ಜೀವವನ್ನು ಉಳಿಸುವ ಮದ್ದು ಇನ್ನೊಂದು ಜೀವದ ನೋವಿನಿಂದ ಹುಟ್ಟಿದ್ದರೆ, ಅದನ್ನು ಸೇವಿಸುವವನ ಹೊಣೆ ಎಷ್ಟು? ಸೇವಿಸಲು ಕೊಡುವವನ ಹೊಣೆ ಎಷ್ಟು?

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮದ್ಯ, ಮಾಂಸ, ಮಧುಗಳ ನೆರವಿಲ್ಲದೆ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ಔಷಧದ ನೆಪದಿಂದಲೂ ಮಾಂಸ ಸಲ್ಲದೆಂಬ ವಾದವನ್ನು ಅವರು ರಾಜಸಭೆಯಲ್ಲಿಯೇ ಮಂಡಿಸಿದರು. ಆ ವಾದ ‘ಹಿತಾಹಿತ’ವೆಂಬ ಅಧ್ಯಾಯವಾಗಿ ಗ್ರಂಥದೊಡನೆ ಉಳಿದು ಬಂದಿದೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ದ ಚಿಕಿತ್ಸೆಯೂ ಮದ್ಯಮಾಂಸಗಳಿಂದ ದೂರವಾದುದು. ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಈ ಆಚಾರ್ಯರೂ ಪಂಡಿತರೂ ಹಿಂಸೆಯ ಭಯದಿಂದ ಔಷಧವನ್ನೇ ಬಿಡಿರೆಂದು ಹೇಳಲಿಲ್ಲ. ಹಿಂಸೆ ಇಲ್ಲದ ಔಷಧವನ್ನು ಹುಡುಕುವ ಶ್ರಮವನ್ನು ತಾವೇ ಹೊತ್ತರು. ನಿರಾಕರಣೆ ಸುಲಭ, ಪರ್ಯಾಯ ಕಷ್ಟ. ಅವರು ಕಷ್ಟವಾದುದನ್ನು ಆರಿಸಿಕೊಂಡರು.

ಆಧುನಿಕ ಔಷಧರಸಾಯನದ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕಾಣಿಸುವ ಉದಾಹರಣೆ ಇನ್ಸುಲಿನ್ನಿನದು. 1889ರಲ್ಲಿ ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದು ನೋಡಿದಾಗ, ಅದಕ್ಕೆ ಸಿಹಿಮೂತ್ರ ರೋಗ ಬಂದುದು ಕಂಡಿತು. 1921ರ ಬೇಸಿಗೆಯಲ್ಲಿ ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಗಳ ಮೇಲೆಯೇ ಪ್ರಯೋಗಗಳನ್ನು ಮುಂದುವರಿಸಿ ಆ ಗ್ರಂಥಿಯ ಸಾರವನ್ನು ಪಡೆದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅದನ್ನು ಚುಚ್ಚಲಾಯಿತು. ಮೊದಲ ಬಾರಿ ಸಾರ ಶುದ್ಧವಾಗಿರಲಿಲ್ಲ, ನಿರೀಕ್ಷಿಸಿದ ಗುಣ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಶುದ್ಧೀಕರಿಸಿದ ಮೇಲೆ, ಅದೇ ತಿಂಗಳಲ್ಲಿ ಮತ್ತೆ ಕೊಟ್ಟಾಗ ಬಾಲಕ ಚೇತರಿಸಿಕೊಂಡನು. ಅದುವರೆಗೆ ಅಂತಹ ಮಕ್ಕಳಿಗೆ ವೈದ್ಯರು ಹೇಳುತ್ತಿದ್ದ ಪಥ್ಯವೆಂದರೆ ಬಹುಮಟ್ಟಿಗೆ ಉಪವಾಸವೇ. ಉಪವಾಸದಿಂದ ಸಾವು ಕೆಲಕಾಲ ತಡವಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಆ ಬಾಲಕನು ಇನ್ನೂ 13 ವರ್ಷ ಬದುಕಿದನು.

ಸಂಶೋಧಕರು ತಮ್ಮ ಹಕ್ಕುಸ್ವಾಮ್ಯವನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಪರಿಗ್ರಹ ಪರಿಮಾಣವನ್ನು ಬಲ್ಲವರಿಗೆ ಈ ಸಂಗತಿಯ ಬೆಲೆ ತಿಳಿಯುತ್ತದೆ. ಆದರೆ ಆ ಮದ್ದು ಕಸಾಯಿಖಾನೆಯ ಮದ್ದೇ ಆಗಿತ್ತು. ಮುಂದಿನ ಆರು ದಶಕಗಳ ಕಾಲ ಲಕ್ಷಾಂತರ ಜನರು ಬದುಕಿದ್ದು ಹಸು ಮತ್ತು ಹಂದಿಗಳ ಗ್ರಂಥಿಗಳಿಂದ ತೆಗೆದ ಇನ್ಸುಲಿನ್ನಿನಿಂದ. ಕಾಲು ಕಿಲೋಗ್ರಾಮಿಗೂ ಕಡಿಮೆ ಶುದ್ಧ ಇನ್ಸುಲಿನ್ನಿಗೆ ಸುಮಾರು ಎರಡು ಟನ್ನು ಗ್ರಂಥಿಗಳು ಬೇಕಾಗುತ್ತಿದ್ದವು.

ಬಿಡುಗಡೆಯ ದಾರಿ ರಸಾಯನಶಾಸ್ತ್ರದ ತಿಳಿವಳಿಕೆಯಿಂದಲೇ ತೆರೆಯಿತು. 1955ರ ಹೊತ್ತಿಗೆ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬ ವಿಜ್ಞಾನಿ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಅನುಕ್ರಮವನ್ನು ಬಿಡಿಸಿ ತೋರಿಸಿದರು. ಮನುಷ್ಯನ ಇನ್ಸುಲಿನ್ನಿಗೂ ಹಂದಿಯದಕ್ಕೂ ಇರುವ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು, ಹಸುವಿನದಕ್ಕೆ ಮೂರರದ್ದು. ಮದ್ದಿನ ಗುಣ ಇರುವುದು ಪ್ರಾಣಿಯಲ್ಲಲ್ಲ, ಕಣಗಳ ಜೋಡಣೆಯಲ್ಲಿ ಎಂಬುದು ಇದರಿಂದ ಸ್ಥಿರವಾಯಿತು. 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ಮಾನವ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಅದಕ್ಕೆ ಔಷಧವಾಗಿ ಅನುಮತಿ ದೊರೆಯಿತು. ಇಂದು ಜಗತ್ತಿನಲ್ಲಿ ಬಳಕೆಯಾಗುವ ಇನ್ಸುಲಿನ್ನಿನ ಬಹುಪಾಲು ಬ್ಯಾಕ್ಟೀರಿಯಾ ಇಲ್ಲವೆ ಯೀಸ್ಟಿನಿಂದ ಬರುತ್ತದೆ. ಸೂಕ್ಷ್ಮಜೀವಿಗಳೂ ಜೀವಗಳೇ ಅಲ್ಲವೆ ಎಂದು ಕೇಳಬಹುದು. ನಿಜ. ಆದರೆ ಗೃಹಸ್ಥನ ಅಣುವ್ರತವು ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ, ಸ್ಥಾವರಹಿಂಸೆಯನ್ನು ಅಗತ್ಯಕ್ಕೆ ಮಿತಿಗೊಳಿಸಲು ಹೇಳುತ್ತದೆ. ಪಂಚೇಂದ್ರಿಯ ಪ್ರಾಣಿಯಿಂದ ಏಕೇಂದ್ರಿಯದ ಕಡೆಗೆ ಸರಿದುದು ವ್ರತದ ದೃಷ್ಟಿಯಿಂದ ಸಣ್ಣ ಹೆಜ್ಜೆಯಲ್ಲ.

ಈ ಚರಿತ್ರೆಯಿಂದ ಎರಡು ಸುಲಭವಾದ ತೀರ್ಮಾನಗಳನ್ನು ತೆಗೆಯಬಹುದು. ಎರಡೂ ಅಪೂರ್ಣ. ಫಲ ಒಳ್ಳೆಯದಾದುದರಿಂದ ಆ ಹಿಂಸೆ ಹಿಂಸೆಯೇ ಅಲ್ಲ ಎಂಬುದು ಮೊದಲನೆಯದು. ಆದರೆ ಸಿದ್ಧಾಂತವು ಹಿಂಸೆಯನ್ನು ಅಳೆಯುವುದು ಫಲದಿಂದಲ್ಲ, ಪ್ರಮಾದ ಮತ್ತು ಕಷಾಯಗಳಿಂದ. ನಾಯಿಯ ನೋವು ಬಾಲಕನ ಚೇತರಿಕೆಯಿಂದ ಇಲ್ಲವಾಗುವುದಿಲ್ಲ. ಮೂಲದಲ್ಲಿ ಹಿಂಸೆ ಇದ್ದುದರಿಂದ ಆ ವಿದ್ಯೆಯೆಲ್ಲವೂ ತ್ಯಾಜ್ಯ ಎಂಬುದು ಎರಡನೆಯದು. ಹಾಗೆಂದು ಅಂದೇ ಎಲ್ಲರೂ ತ್ಯಜಿಸಿದ್ದರೆ, ಪ್ರಾಣಿಯನ್ನು ಕಸಾಯಿಖಾನೆಯಿಂದ ಬಿಡಿಸಿದ ಮುಂದಿನ ತಿಳಿವಳಿಕೆಗೂ ದಾರಿ ಇರುತ್ತಿರಲಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಇಂದಿನ ರೋಗಿ 1921ರ ಹಿಂಸೆಯನ್ನು ಮಾಡಿದವನಲ್ಲ, ಮಾಡಿಸಿದವನೂ ಅಲ್ಲ. ಅವನಿಗೆ ಉಳಿದಿರುವುದು ಅನುಮೋದನೆಯ ಪ್ರಶ್ನೆ. ಬಳಸಿದ ಮಾತ್ರಕ್ಕೆ ಅನುಮೋದಿಸಿದಂತಾಗದು. ಆದರೆ ಮೂಲವನ್ನು ಕೇಳದೆ, ಪರ್ಯಾಯವನ್ನು ಬಯಸದೆ, ಇರುವುದೇ ಸರಿಯೆಂದು ನೆಮ್ಮದಿಯಿಂದಿರುವುದು ಅನುಮೋದನೆಗೆ ಬಹಳ ಹತ್ತಿರದ್ದು.

ಈ ಪ್ರಶ್ನೆ ಮುಗಿದ ಕಥೆಯಲ್ಲವೆಂಬುದಕ್ಕೆ ಹೆಪಾರಿನ್ ಸಾಕ್ಷಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ದ್ರವ್ಯವನ್ನು 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಪ್ರಯೋಗಗಳು ಬೆಳಕಿಗೆ ತಂದವು. ನಾಯಿಯ ಯಕೃತ್ತಿನಿಂದ ದೊರೆತುದರಿಂದ, ಯಕೃತ್ತಿನ ಗ್ರೀಕ್ ಹೆಸರೇ ಅದಕ್ಕೆ ನಿಂತಿತು. ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ, ಮೂತ್ರಪಿಂಡ ಸೋತವರ ಡಯಾಲಿಸಿಸ್‌ಗೆ ಇಂದಿಗೂ ಅದೇ ಮುಖ್ಯ ಆಧಾರ. ಇಂದಿಗೂ ಅದು ಬಹುಪಾಲು ಹಂದಿಯ ಕರುಳಿನ ಒಳಪೊರೆಯಿಂದಲೇ ಬರುತ್ತದೆ. 2008ರಲ್ಲಿ ಚೀನಾದಿಂದ ಬಂದ ಕಚ್ಚಾ ಹೆಪಾರಿನ್ನಿನಲ್ಲಿ ಅದನ್ನೇ ಹೋಲುವ ಅಗ್ಗದ ರಾಸಾಯನಿಕವೊಂದು ಬೆರೆತು, ಅಮೆರಿಕದಲ್ಲಿ ರೋಗಿಗಳ ಸಾವುಗಳು ವರದಿಯಾದವು. ಪ್ರಾಣಿಮೂಲದ ಸರಕನ್ನು ನಂಬಿ ಕುಳಿತರೆ ರೋಗಿಗೂ ಕ್ಷೇಮವಿಲ್ಲವೆಂಬುದನ್ನು ಆ ದುರಂತ ತೋರಿಸಿತು. ಇದೇ ದ್ರವ್ಯದ ಕೆಲಸ ಮಾಡುವ ಅತಿ ಚಿಕ್ಕ ತುಣುಕನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ, ಫಾಂಡಪಾರಿನಕ್ಸ್ ಎಂಬ ಹೆಸರಿನಲ್ಲಿ 2001ರಿಂದ ಬಳಕೆಗೆ ತರಲಾಗಿದೆ. ಅದರಲ್ಲಿ ಪ್ರಾಣಿಯ ಅಂಶವಿಲ್ಲ. ಆದರೆ ಅದು ಎಲ್ಲ ಸಂದರ್ಭಗಳಿಗೂ ಒದಗುವುದಿಲ್ಲ. ಮೂತ್ರಪಿಂಡ ತೀರ ಸೋತವರಿಗೆ ಸಲ್ಲದು.

ಈಗ ಹೀಗೊಂದು ಸಂದರ್ಭವನ್ನು ಊಹಿಸಬಹುದು. ಜೀವನವಿಡೀ ಕಂದಮೂಲವನ್ನೂ ಮುಟ್ಟದ, ರಾತ್ರಿಭೋಜನವನ್ನು ತ್ಯಜಿಸಿದ ಹಿರಿಯರೊಬ್ಬರಿಗೆ ಡಯಾಲಿಸಿಸ್ ಆರಂಭವಾಗಬೇಕಾಗಿದೆ. ಹೆಪಾರಿನ್ನಿನ ಮೂಲ ಮಗನಿಗೆ ತಿಳಿದಿದೆ. ತಂದೆಗೆ ತಿಳಿದರೆ ಅವರು ಒಪ್ಪಲಾರರೆಂಬ ಭಯದಿಂದ ಅವನು ದಾದಿಯ ಬಳಿ ಹೋಗಿ, “ಅವರಿಗೆ ಹೇಳಬೇಡಿ, ಅಮ್ಮಾ” ಎಂದು ಕೇಳಿಕೊಳ್ಳುತ್ತಾನೆ. ಅವನ ಭಾವ ಪ್ರೀತಿಯೇ. ಆದರೆ ಅವನು ಮಾಡುತ್ತಿರುವುದು ಏನು? ತಂದೆಯ ದೇಹವನ್ನು ಉಳಿಸಲು ತಂದೆಯ ವ್ರತವನ್ನು ಅವರಿಗರಿವಿಲ್ಲದೆ ತಾನೇ ನಿರ್ಧರಿಸುತ್ತಿದ್ದಾನೆ. ವ್ರತ ಸ್ವೀಕರಿಸಿದವನದು. ಅದರಲ್ಲಿ ವಿನಾಯಿತಿ ಪಡೆಯುವ ಹಕ್ಕಾಗಲಿ, ಅದಕ್ಕಾಗಿ ಕಷ್ಟವನ್ನು ಸಹಿಸುವ ಹಕ್ಕಾಗಲಿ ಮಗನಿಗೆ ಸೇರಿದುದಲ್ಲ. ರೋಗಿಯ ತಿಳಿದ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಸಲ್ಲದೆಂದು ಇಂದಿನ ವೈದ್ಯನೀತಿಯೂ ಹೇಳುತ್ತದೆ. ಸತ್ಯಾಣುವ್ರತವು ಇನ್ನೂ ಮೊದಲೇ ಹೇಳಿದೆ.

ಹಾಗಾದರೆ ಕಠೋರವಾದ ಸತ್ಯವನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಒದರಿಬಿಡಬೇಕೆ? ಪರರಿಗೆ ಪೀಡೆಯಾಗುವ ಮಾತನ್ನು ಆಡುವಾಗ ವಿವೇಕ ಬೇಕೆಂಬುದೂ ಅದೇ ವ್ರತದ ಭಾಗ. ಇದಕ್ಕೆ ಪರಿಹಾರವಿರುವುದು ಕಾಲದಲ್ಲಿ. ಆಪತ್ತು ಬಂದ ಮೇಲೆ ಕೇಳುವ ಪ್ರಶ್ನೆಯನ್ನು ಆರೋಗ್ಯವಿರುವಾಗಲೇ ಮನೆಯಲ್ಲಿ ಕೇಳಿಕೊಳ್ಳಬೇಕು. ಯಾವ ಮದ್ದುಗಳ ಮೂಲವೇನು, ಪರ್ಯಾಯವಿರುವುದೆಲ್ಲಿ, ಇಲ್ಲದಿರುವುದೆಲ್ಲಿ ಎಂಬುದನ್ನು ವೈದ್ಯರಿಂದ ತಿಳಿಯಬೇಕು. ಕೆಲವು ರೋಗಿಗಳಿಗೆ ಹೆಪಾರಿನ್ ಇಲ್ಲದೆಯೇ ಡಯಾಲಿಸಿಸ್ ಮಾಡುವ ಕ್ರಮವುಂಟು. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟನ್ನು ಬಳಸುವ ಕ್ರಮವೂ ಉಂಟು. ಇವು ಎಲ್ಲರಿಗೂ ಒಗ್ಗಲಾರವು, ಎಲ್ಲ ಆಸ್ಪತ್ರೆಗಳಲ್ಲಿಯೂ ಸಿಗಲಾರವು. ಆದರೆ ಕೇಳದವನಿಗೆ ಇರುವುದೂ ಸಿಗದು. ಕೇಳಿಯೂ ಪರ್ಯಾಯ ಸಿಗದಿದ್ದಾಗ, ಅನಿವಾರ್ಯವಾದ ದೋಷವನ್ನು ಗುಣವೆಂದು ಕರೆಯದೆ ದೋಷವೆಂದೇ ಒಪ್ಪಿ, ಆಲೋಚನೆ, ಪ್ರತಿಕ್ರಮಣಗಳ ಮೂಲಕ ಅದನ್ನು ಹಗುರಗೊಳಿಸುವ ಮಾರ್ಗ ಶ್ರಾವಕನಿಗೆ ತೆರೆದೇ ಇದೆ. ವೈದ್ಯರ ಸಲಹೆ ಇಲ್ಲದೆ ಮದ್ದನ್ನು ತಟ್ಟನೆ ನಿಲ್ಲಿಸುವುದು ಮಾತ್ರ ವ್ರತವಲ್ಲ, ಪ್ರಮಾದ.

ಔಷಧವನ್ನು ಬಿಟ್ಟು ದೇಹವನ್ನೇ ತೊರೆಯುವುದು ಸಲ್ಲೇಖನವಲ್ಲವೆ ಎಂದು ಕೆಲವರು ಕೇಳುತ್ತಾರೆ. ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಕಾರಣಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದಷ್ಟೇ ಹೇಳದೆ, ಅವು ಪ್ರತೀಕಾರವಿಲ್ಲದವುಗಳಾಗಿರಬೇಕೆಂದು ವಿಧಿಸಿದ್ದಾರೆ. ಈ ಮಾತಿನ ಗಾಂಭೀರ್ಯವನ್ನು ವೈದ್ಯಸಂಶೋಧನೆಯೇ ಎತ್ತಿ ತೋರಿಸುತ್ತದೆ. 1921ರಲ್ಲಿ ಬಾಲಕನ ಸಿಹಿಮೂತ್ರ ರೋಗಕ್ಕೆ ಪ್ರತೀಕಾರವಿರಲಿಲ್ಲ, 1922ರಲ್ಲಿ ಇತ್ತು. ರೋಗ ಅದೇ, ದೇಹ ಅದೇ, ಆದರೆ ತಿಳಿವಳಿಕೆ ಬೆಳೆದು ಗೆರೆ ಸರಿಯಿತು. ಆದುದರಿಂದ ಪ್ರತೀಕಾರ ಉಂಟೋ ಇಲ್ಲವೋ ಎಂಬುದನ್ನು ಹಳೆಯ ನೆನಪಿನಿಂದಲೋ ಆತುರದಿಂದಲೋ ನಿರ್ಣಯಿಸಲಾಗದು. ಧರ್ಮಕ್ಕಾಗಿ ತೆಗೆದುಕೊಳ್ಳುವ ಅತ್ಯಂತ ಗಂಭೀರವಾದ ನಿರ್ಣಯಕ್ಕೂ ವೈದ್ಯವಿದ್ಯೆಯ ಇಂದಿನ ಸ್ಥಿತಿಯನ್ನು ತಿಳಿಯಬೇಕಾಗುತ್ತದೆ.

ಇಷ್ಟರವರೆಗಿನ ವಿಚಾರವೆಲ್ಲ ದ್ರವ್ಯಕ್ಕೆ ಸಂಬಂಧಿಸಿದ್ದು. ಆದರೆ ಔಷಧದ ಶುದ್ಧಿಯೊಂದನ್ನೇ ವಿಚಾರಿಸಿ ಅಹಿಂಸೆಯನ್ನು ಪೂರೈಸಿದೆನೆಂದು ತಿಳಿಯುವುದು ಅರ್ಧದಾರಿಯಲ್ಲಿ ನಿಂತಂತೆ. ಗಸಗಸೆ ಗಿಡದಿಂದ ಮಾರ್ಫೀನನ್ನು ಜರ್ಮನಿಯ ಸೆರ್ಟುರ್ನರ್ ಎಂಬ ಔಷಧ ತಯಾರಕರು ಬೇರ್ಪಡಿಸಿದ್ದು 19ನೆಯ ಶತಮಾನದ ಆರಂಭದಲ್ಲಿ. ಗಿಡದಿಂದ ಬಂದ ಮದ್ದು, ನೋವನ್ನು ನೀಗುವ ಮದ್ದು. ಆದರೂ ಅನಂತರದ ಒಂದೂವರೆ ಶತಮಾನದ ಕಾಲ ಅರ್ಬುದ ರೋಗಿಗಳು ನೋವಿನಿಂದ ಕೂಗಿಕೊಂಡ ಮೇಲೆಯೇ ಅದನ್ನು ಕೊಡುವುದು ಸಾಮಾನ್ಯವಾಗಿತ್ತು. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ ಶಿಕ್ಷಣ ಪಡೆದು, ಅನಂತರ ವೈದ್ಯರಾದವರು. ನೋವು ಮರಳುವ ಮುನ್ನವೇ, ಗಡಿಯಾರ ನೋಡಿ, ಹೊತ್ತುಹೊತ್ತಿಗೆ ಮದ್ದು ಕೊಟ್ಟರೆ ರೋಗಿ ಎಚ್ಚರವಾಗಿ, ಶಾಂತವಾಗಿ ಇರಬಲ್ಲನೆಂದು ಅವರು ತೋರಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ಸ್ಥಾಪಿಸಿದರು. ದ್ರವ್ಯ ಹಳೆಯದು. ಕೊರತೆ ಇದ್ದುದು ಹೊತ್ತಿಗೆ ಕೊಡುವ ಕೈಗೆ, ಪಕ್ಕದಲ್ಲಿ ಕುಳಿತು ಗಮನಿಸುವ ಕಣ್ಣಿಗೆ. ನಮ್ಮ ದೇಶದಲ್ಲಿ 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಮನ ಆರೈಕೆಯ ಕಾರ್ಯವೂ, ಬೆಂಗಳೂರಿನಲ್ಲಿ ಅಂತಿಮ ಹಂತದ ಅರ್ಬುದ ರೋಗಿಗಳಿಗೆ ಉಚಿತ ಆರೈಕೆ ನೀಡುವ ಕರುಣಾಶ್ರಯವೂ ಇದೇ ದಾರಿಯವು.

ಈ ಕೈಗೆ ಜೈನ ಪರಂಪರೆ ಕೊಟ್ಟ ಹೆಸರು ವೈಯಾವೃತ್ಯ. ಉಮಾಸ್ವಾತಿಗಳು ಆರು ಅಂತರಂಗ ತಪಗಳನ್ನು ಎಣಿಸುವಾಗ ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿಯೇ ಇದನ್ನೂ ಇರಿಸಿದ್ದಾರೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ರನ್ನು, ಅಂದರೆ ರೋಗದಿಂದ ಬಳಲಿದವರನ್ನು, ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ಅದಕ್ಕೆ ಉದಾಹರಣೆಯಾಗಿ ಬರುವ ಉದ್ದಾಯನ ರಾಜನು ರೋಗಿಷ್ಠ ಮುನಿಯ ವಾಂತಿಯನ್ನು ಹೇಸಿಗೆಯಿಲ್ಲದೆ ತೊಳೆದ ಕಥೆ ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆ ರಾಜನು ಒಂದು ದಿನ ಮಾಡಿದುದನ್ನು ಆಸ್ಪತ್ರೆಯ ದಾದಿ ಪ್ರತಿದಿನ ಮಾಡುತ್ತಾಳೆ. ಏಳಲಾರದ ರೋಗಿಯನ್ನು ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನ ಚರ್ಮ ಕೊಳೆತು ಹುಣ್ಣಾಗುತ್ತದೆ. ಆ ಹುಣ್ಣಿಗೆ ಯಾರೂ ಕತ್ತಿ ಎತ್ತಿದವರಿಲ್ಲ. ಮಾಡಬೇಕಾದುದನ್ನು ಮಾಡದಿದ್ದುದರಿಂದ ಆದ ಹಿಂಸೆ ಅದು.

ಈ ಸೇವೆ ಕೇವಲ ಸದ್ಭಾವದಿಂದ ಆಗುವುದಲ್ಲ, ವಿದ್ಯೆಯಿಂದ ಆಗುವುದೆಂಬುದನ್ನು ಸಂಶೋಧನೆ ಸ್ಥಾಪಿಸಿದೆ. ಲಿಂಡಾ ಐಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತಿತ್ತು. ಪದವಿ ಶಿಕ್ಷಣ ಪಡೆದ ದಾದಿಯರ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಾದರೆ ಅದು ಶೇಕಡಾ 7ರಷ್ಟು ಇಳಿಯುತ್ತಿತ್ತು. ಭಾರತದಲ್ಲಿ ದಾದಿಯರ ಪದವಿ ಶಿಕ್ಷಣ ದೆಹಲಿ ಮತ್ತು ವೆಲ್ಲೂರುಗಳಲ್ಲಿ 1946ರಲ್ಲಿ ಮೊದಲಾಯಿತು. ಮರುವರ್ಷವೇ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂದಿತು. 2023ರಲ್ಲಿ ಅದರ ಸ್ಥಾನಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ವಿಧಿಸುವ ಹೊಸ ಕಾಯಿದೆ ಅಂಗೀಕಾರವಾಯಿತು. ಕಾಯಿದೆ ದಾರಿಯನ್ನು ತೋರಬಹುದು. ಆದರೆ ರಾತ್ರಿಯ ಪಾಳಿಯಲ್ಲಿ ಒಬ್ಬಳೇ ದಾದಿ ಇಡೀ ವಾರ್ಡನ್ನು ನೋಡಿಕೊಳ್ಳುವಂತೆ ಬಿಟ್ಟರೆ, ಅಲ್ಲಿ ಆಗುವ ಲೋಪದ ಹೊಣೆ ಅವಳೊಬ್ಬಳದ್ದಲ್ಲ. ಆಸ್ಪತ್ರೆಯನ್ನು ನಡೆಸುವವರದೂ, ಅಗ್ಗದ ಸೇವೆಯನ್ನು ಬಯಸುವ ಸಮಾಜದ್ದೂ ಹೌದು.

ಸಂಬಳಕ್ಕಾಗಿ ಮಾಡುವ ಸೇವೆ ವೈಯಾವೃತ್ಯವಾದೀತೆ ಎಂಬ ಆಕ್ಷೇಪ ಬರಬಹುದು. ತಪದ ಬೆಲೆ ಭಾವದಲ್ಲಿದೆ, ಕೂಲಿಯ ಇರವು ಇಲ್ಲದಿರವುಗಳಲ್ಲಲ್ಲ. ಸಂಬಳ ಪಡೆದೂ ಕರುಣೆಯಿಂದ ಮಾಡುವವಳ ಭಾವವನ್ನು ಅಳೆಯುವ ಅಧಿಕಾರ ಇತರರಿಗಿಲ್ಲ. ಆದರೆ ಆಕ್ಷೇಪಿಸುವವರು ತಮ್ಮ ಕಡೆಗೂ ನೋಡಿಕೊಳ್ಳಬೇಕು. ಜೆಲಟಿನ್ ಕೋಶವುಳ್ಳ ಮಾತ್ರೆಯನ್ನು ಹಿಂದಿರುಗಿಸಿ, ಸಸ್ಯಮೂಲದ ಕೋಶವೇ ಬೇಕೆಂದು ಕೇಳುವ ಮನೆಯವರು, ಅದನ್ನು ತರುವ ದಾದಿಯ ಹೆಸರನ್ನು ಕೇಳದೆ, ಅವಳೊಡನೆ ಏರುದನಿಯಲ್ಲಿ ಮಾತನಾಡಿದರೆ, ಅಹಿಂಸೆ ಮಾತ್ರೆಯ ಹೊದಿಕೆಯಷ್ಟೇ ತೆಳುವಾಗುತ್ತದೆ. ತಂದೆತಾಯಿಗಳ ಮಗ್ಗುಲು ಬದಲಿಸುವ ಕೆಲಸ ಪೂರ್ತಿಯಾಗಿ ಪರರದ್ದೆಂದು ಬಿಟ್ಟರೆ, ಮನೆಯಲ್ಲಿ ವೈಯಾವೃತ್ಯವೆಂಬುದು ಪ್ರವಚನದಲ್ಲಿ ಕೇಳುವ ಶಬ್ದವಾಗಿ ಮಾತ್ರ ಉಳಿಯುತ್ತದೆ.

ಬಸದಿಗಳ ಟ್ರಸ್ಟುಗಳೂ ದಾನಿಗಳೂ ಇಲ್ಲಿ ಮಾಡಬಹುದಾದುದು ಬಹಳವಿದೆ. ಔಷಧದ ಮೇಲೆ ಮೂಲದ ಗುರುತಿರಬೇಕೆಂಬ ವಾದ ನ್ಯಾಯಾಲಯದವರೆಗೂ ಹೋಗಿತ್ತು. ಜೀವರಕ್ಷಕವಲ್ಲದ ಔಷಧಗಳಿಗೆ ಅಂತಹ ಗುರುತು ಇರಲೆಂದು 2002ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತು; 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಆದುದರಿಂದ ಮೂಲವನ್ನು ಬಲ್ಲ ವೈದ್ಯರ, ಔಷಧಶಾಸ್ತ್ರಜ್ಞರ ನೆರವಿನಿಂದ ವಿಶ್ವಾಸಾರ್ಹವಾದ ಪಟ್ಟಿಯೊಂದನ್ನು ಸಿದ್ಧಪಡಿಸಿ ಮನೆಮನೆಗೆ ತಲುಪಿಸುವುದು ಶಾಸ್ತ್ರದಾನವೂ ಹೌದು, ಔಷಧದಾನವೂ ಹೌದು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಜೀವಕೋಶಗಳನ್ನೂ ಗಣಕಯಂತ್ರದ ವಿಧಾನಗಳನ್ನೂ ಬಳಸಲು ಅಮೆರಿಕವು 2022ರ ಡಿಸೆಂಬರಿನಲ್ಲಿ, ಭಾರತವು 2023ರಲ್ಲಿ ತಮ್ಮ ನಿಯಮಗಳನ್ನು ತಿದ್ದಿ ಅವಕಾಶ ಮಾಡಿಕೊಟ್ಟಿವೆ. ಆದರೆ ಅವಕಾಶವಿದ್ದರೆ ಸಾಲದು, ಅಂತಹ ವಿಧಾನಗಳನ್ನು ಬೆಳೆಸುವ ವಿದ್ಯಾರ್ಥಿಗಳು ಬೇಕು, ಅವರಿಗೆ ಧನಸಹಾಯ ಬೇಕು. ಉಗ್ರಾದಿತ್ಯಾಚಾರ್ಯರ ಪರಂಪರೆಯನ್ನು ಇಂದು ಮುಂದುವರಿಸುವುದೆಂದರೆ ಇದೇ. ಅಭಿಷೇಕ, ಉತ್ಸವಗಳಿಗೆ ತೆಗೆದಿರಿಸುವ ಹಣದ ಒಂದು ಪಾಲನ್ನು ಬಡ ಹೆಣ್ಣುಮಕ್ಕಳ ನರ್ಸಿಂಗ್ ಶಿಕ್ಷಣಕ್ಕೂ, ಊರಿನ ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗಿ ನೋಡಿಬರುವ ಒಬ್ಬ ದಾದಿಯ ಸಂಬಳಕ್ಕೂ ಮೀಸಲಿಟ್ಟರೆ ಪೂಜೆ ಕಡಿಮೆಯಾಗದು.

ಔಷಧದಿಂದ ಹಿಂಸೆಯನ್ನು ತೆಗೆಯುವ ಕೆಲಸ ರಸಾಯನಶಾಲೆಯದು. ಅದು ನಿಧಾನವಾಗಿ, ದಶಕಗಳಲ್ಲಿ ಆಗುವಂಥದು. ಅದನ್ನು ಕೇಳುತ್ತಿರುವುದು, ಬೆಂಬಲಿಸುತ್ತಿರುವುದು ಗೃಹಸ್ಥನ ಪಾಲು. ರೋಗಿಯ ಹಾಸಿಗೆಯ ಬಳಿಯ ಹಿಂಸೆಯನ್ನು ತೆಗೆಯುವ ಕೆಲಸಕ್ಕೆ ಅಷ್ಟು ಕಾಲ ಬೇಡ. ಹಿರಿಯರಿಗೆ ನಿಜವನ್ನು ಸಮಯಕ್ಕೆ ಹೇಳುವುದು, ಮಾತ್ರೆಯನ್ನು ಹೊತ್ತಿಗೆ ಕೊಡುವುದು, ಮಗ್ಗುಲು ಬದಲಿಸುವುದು, ದಾದಿಯೊಡನೆ ಗೌರವದಿಂದ ನಡೆದುಕೊಳ್ಳುವುದು, ಇವನ್ನು ಈ ದಿನವೇ ಆರಂಭಿಸಬಹುದು. ಮೊದಲನೆಯದು ಆಗುವವರೆಗೆ ಎರಡನೆಯದನ್ನು ತಡೆಹಿಡಿಯಲು ಯಾವ ಕಾರಣವೂ ಇಲ್ಲ.